ಆಸ್ಪತ್ರೆಯ ವಿಭಾಗಗಳಲ್ಲಿ ಪ್ರತಿಜೀವಕಗಳ ಲೆಕ್ಕ

ಪ್ರತಿಜೀವಕ ಔಷಧಗಳು ಬ್ಯಾಕ್ಟೀರಿಯಾಗಳ ಮೇಲೆ ಮಾತ್ರ ಪರಿಣಾಮ ಬೀರುತ್ತವೆ. ನೆಗಡಿಯಂತಹ ವೈರಾಣು ರೋಗಗಳಲ್ಲಿ ಅವು ನಿಷ್ಪ್ರಯೋಜಕ. ಅನಗತ್ಯವಾಗಿ ಬಳಸಿದಷ್ಟೂ ಔಷಧಕ್ಕೆ ಮಣಿಯದ ಬ್ಯಾಕ್ಟೀರಿಯಾಗಳು ಉಳಿದು ವೃದ್ಧಿಸುತ್ತವೆ. ಆಗ ಸಾಮಾನ್ಯ ಶಸ್ತ್ರಚಿಕಿತ್ಸೆಯ ಗಾಯವೂ ಪ್ರಾಣಾಂತಿಕವಾಗಬಲ್ಲುದು. ಆದುದರಿಂದಲೇ ಯಾವ ವಿಭಾಗದಲ್ಲಿ ಯಾವ ಪ್ರತಿಜೀವಕ ಎಷ್ಟು ಬಳಕೆಯಾಯಿತೆಂದು ಆಸ್ಪತ್ರೆಗಳು ಲೆಕ್ಕವಿಡಬೇಕಾಗಿದೆ.

ಬರಿಯ ಗ್ರಾಂಗಳ ಮೊತ್ತದಿಂದ ವಿಭಾಗಗಳನ್ನು ಹೋಲಿಸಲಾಗದು. ವಿಶ್ವ ಆರೋಗ್ಯ ಸಂಸ್ಥೆಯು ಪ್ರತಿಯೊಂದು ಔಷಧಕ್ಕೂ ವಯಸ್ಕರ ಸರಾಸರಿ ದೈನಿಕ ಪ್ರಮಾಣವೊಂದನ್ನು ಗೊತ್ತುಪಡಿಸಿದೆ. ಚುಚ್ಚುಮದ್ದಾಗಿ ಕೊಡುವ ಸೆಫ್ಟ್ರಿಯಾಕ್ಸೋನಿಗೆ ಅದು 2 ಗ್ರಾಂ. ಗಣಿತದ ತರಗತಿಗೂ ಒದಗಬಹುದಾದ ಒಂದು ಕಲ್ಪಿತ ಉದಾಹರಣೆಯನ್ನು ನೋಡೋಣ. 20 ಹಾಸಿಗೆಗಳ ಸಾಮಾನ್ಯ ವಾರ್ಡು 30 ದಿನವೂ ತುಂಬಿದ್ದರೆ 600 ಹಾಸಿಗೆ-ದಿನಗಳಾದವು. ಅಲ್ಲಿ 180 ಗ್ರಾಂ, ಎಂದರೆ 90 ದೈನಿಕ ಪ್ರಮಾಣ, ಬಳಕೆಯಾಗಿದ್ದರೆ 100 ಹಾಸಿಗೆ-ದಿನಗಳಿಗೆ 15 ಬಂತು. 8 ಹಾಸಿಗೆಗಳ ತೀವ್ರ ನಿಗಾ ಘಟಕದಲ್ಲಿ 240 ಹಾಸಿಗೆ-ದಿನಗಳಿಗೆ 120 ಗ್ರಾಂ, ಅಂದರೆ 60 ಪ್ರಮಾಣ, ಬಳಸಿದ್ದರೆ ದರ 25. ಮೊತ್ತದಲ್ಲಿ ವಾರ್ಡು ಮುಂದೆ, ದರದಲ್ಲಿ ಘಟಕ ಮುಂದೆ.

ಇಷ್ಟರಿಂದಲೇ ಘಟಕದವರನ್ನು ತಪ್ಪಿತಸ್ಥರೆನ್ನುವುದು ಅನ್ಯಾಯ. ಅಲ್ಲಿಯ ರೋಗಿಗಳೇ ಹೆಚ್ಚು ಅಸ್ವಸ್ಥರು. ಅಂಕಿಯು ಎಲ್ಲಿ ವಿಚಾರಿಸಬೇಕೆಂದು ತೋರಿಸುತ್ತದೆ, ಉತ್ತರವು ರೋಗಿಗಳ ಚೀಟಿಗಳಲ್ಲಿರುತ್ತದೆ. ಶಸ್ತ್ರಚಿಕಿತ್ಸಾ ವಿಭಾಗದಲ್ಲಿ, ಛೇದನಕ್ಕೆ ಮುನ್ನ ಕೊಡುವ ಒಂದು ಪ್ರಮಾಣವೇ ಬಹುಪಾಲು ಸಾಕಾಗುವಲ್ಲಿ, ಔಷಧವನ್ನು ದಿನಗಟ್ಟಲೆ ಮುಂದುವರಿಸಿದ್ದು ಹೀಗೆಯೇ ಬೆಳಕಿಗೆ ಬರುತ್ತದೆ. ಮಕ್ಕಳ ವಿಭಾಗಕ್ಕಾದರೋ ಈ ಅಳತೆಯೇ ಹೊಂದದು. ಮಗುವಿನ ಪ್ರಮಾಣವು ತೂಕವನ್ನು ಅನುಸರಿಸುವುದರಿಂದ, ಅಲ್ಲಿ ಔಷಧ ಕೊಟ್ಟ ದಿನಗಳನ್ನು ಎಣಿಸುವುದೇ ಮೇಲು.

ಎಷ್ಟು ಎಂಬುದರಂತೆ ಯಾವುದು ಎಂಬುದೂ ಮುಖ್ಯ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಪ್ರತಿಜೀವಕಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಿತು: ಸಾಮಾನ್ಯ ಬಳಕೆಯ ಅಮಾಕ್ಸಿಸಿಲಿನ್‌ನಂತಹವು, ಎಚ್ಚರದಿಂದ ಬಳಸಬೇಕಾದ ಸೆಫ್ಟ್ರಿಯಾಕ್ಸೋನ್‌ನಂತಹವು, ಕೊನೆಯ ಆಸರೆಯಾಗಿ ಕಾಯ್ದಿಡಬೇಕಾದ ಕೊಲಿಸ್ಟಿನ್‌ನಂತಹವು.

ಕಾಸರಗೋಡು, ವಯನಾಡುಗಳ ಶಿಕ್ಷಕರಿಗೆ ಈ ವಿಷಯ ದೂರದ್ದಲ್ಲ. ಪ್ರತಿಜೀವಕ ನಿರೋಧದ ವಿರುದ್ಧ ಕೇರಳವು 2018ರಲ್ಲಿಯೇ ರಾಜ್ಯಮಟ್ಟದ ಕ್ರಿಯಾಯೋಜನೆಯನ್ನು ಆರಂಭಿಸಿತು. ಈ ಔಷಧಗಳನ್ನು ಗುರುತಿಸಲು ಸುಲಭವಾಗುವಂತೆ ನೀಲಿ ಲಕೋಟೆಯಲ್ಲಿ ಕೊಡುವ ಕ್ರಮವೂ ಅಲ್ಲಿ ಬಂದಿದೆ. ಅದನ್ನು ಮನೆಯಲ್ಲಿ ಕಂಡ ವಿದ್ಯಾರ್ಥಿಗಳು ತರಗತಿಯಲ್ಲಿ ಇರಬಹುದು.