ಹಾರುವುದು ಬೇರೆ, ಹಾರಾಡುವುದು ಬೇರೆ

ಸುರಪುರ ತಾಲ್ಲೂಕಿನ ಬೋನಾಳ ಪಕ್ಷಿಧಾಮದ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಮಂಗೋಲಿಯಾ, ಟಿಬೆಟ್ ಕಡೆಯ ಎತ್ತರದ ನೆಲದಲ್ಲಿ ಮರಿ ಮಾಡಿ, ಹಿಮಾಲಯ ದಾಟಿ ಬರುವ ಹಕ್ಕಿ ಇದು. ಕೆರೆಯ ಮೇಲೆ ಸುತ್ತು ಹಾಕುತ್ತಿದ್ದರೆ ನಾವು 'ಹಾರಾಡುತ್ತಿದೆ' ಎನ್ನುತ್ತೇವೆ. ಉತ್ತರಕ್ಕೆ ಮುಖ ಮಾಡಿ ಹೊರಟರೆ 'ಹಾರುತ್ತಿದೆ'. ರಷ್ಯನ್ನರು ಮೊದಲನೆಯದಕ್ಕೆ 'ಲೆತಾತ್', ಎರಡನೆಯದಕ್ಕೆ 'ಲೆತೇತ್' ಬಳಸುತ್ತಾರೆ. ನಮ್ಮ ಓಡಾಡು–ಓಡು, ಹರಿದಾಡು–ಹರಿ ಜೋಡಿಗಳಿಗೂ ಅಲ್ಲಿ ಸರಿಸಾಟಿಗಳಿವೆ. ಅಂಥ ಸುಮಾರು 14 ಜೋಡಿಗಳು ರಷ್ಯನ್ ಕಲಿಯುವವರನ್ನು ಕಾಡುತ್ತವೆ, ಕಂಪ್ಯೂಟರನ್ನೂ ಬಿಡುವುದಿಲ್ಲ.

ಯಂತ್ರಕ್ಕೆ ಈ ವ್ಯತ್ಯಾಸ ಕಲಿಸುವುದು ಹೇಗೆ? ಹಕ್ಕಿಯ ಜಾಡು ಸಿಕ್ಕರೆ ಲೆಕ್ಕ ಸುಲಭ: ಹೊರಟಲ್ಲಿಂದ ತಲುಪಿದಲ್ಲಿಗೆ ಇರುವ ನೇರ ದೂರವನ್ನು ಹಾರಿದ ಒಟ್ಟು ದೂರದಿಂದ ಭಾಗಿಸಬೇಕು. 4 ಕಿ.ಮೀ. ಸುತ್ತಾಡಿ ಹೊರಟ ಜಾಗಕ್ಕೇ ಮರಳಿದರೆ ಉತ್ತರ 0, ಅಂದರೆ ಲೆತಾತ್. ನೇರವಾಗಿ ಹೋದರೆ 1, ಅಂದರೆ ಲೆತೇತ್.

ಆದರೆ ಅನುವಾದ ಮಾಡುವ ಯಂತ್ರದ ಮುಂದೆ ಇರುವುದು ಜಾಡಲ್ಲ, ವಾಕ್ಯ. 'ಮರಿಗೆ ಈಗ ಹಾರಲು ಬರುತ್ತದೆ' ಎಂಬಲ್ಲಿ 'ಆಡು' ಇಲ್ಲ. ಆದರೂ ಅದು ಸಾಮರ್ಥ್ಯದ ಮಾತಾದ್ದರಿಂದ ರಷ್ಯನ್ನಿನಲ್ಲಿ ಲೆತಾತ್ ಬೇಕು. 'ಕ್ಕೆ' ಕಂಡರೆ ಗುರಿಯಿದೆ, ಲೆತೇತ್ ಗುಂಪಿನ ಪದ ಹಾಕು ಎಂಬ ನಿಯಮ ಬರೆದರೆ ಅದೂ ಎಡವುತ್ತದೆ. ಬೋನಾಳದ ರೈತರೊಬ್ಬರು 'ಹೊಲಕ್ಕ ಹೋಗಿದ್ದೆ' ಅಂದರೆ ಹೋಗಿ ಬಂದಾಯಿತು ಎಂದೇ ಅರ್ಥ. 'ಹೋದೆ'ಯಲ್ಲಿ ಇಲ್ಲದ ಮರುಪಯಣ 'ಇದ್ದೆ'ಯಲ್ಲಿ ಅಡಗಿದೆ. ಹೋಗಿ ಮರಳಿದ್ದನ್ನು ರಷ್ಯನ್ ಅತ್ತಿತ್ತ ಓಡಾಡುವ ಗುಂಪಿಗೇ ಸೇರಿಸುತ್ತದೆ. ಹಾಗಾಗಿ ಯಂತ್ರ ನಾಮಪದದ ವಿಭಕ್ತಿಯ ಜೊತೆಗೆ ಕ್ರಿಯಾಪದದ ಬಾಲವನ್ನೂ ನೋಡಬೇಕು.

ಇಷ್ಟಾದರೂ ಇನ್ನೊಂದು ಗಂಟು ಉಳಿಯುತ್ತದೆ. ರಷ್ಯನ್ ಗಂಡಸು ನಡೆದು ಹೋಗಿ ಬಂದರೆ 'ಖೊದೀಲ್', ವಾಹನದಲ್ಲಾದರೆ 'ಯೆಜ್ದಿಲ್'. ಕನ್ನಡಕ್ಕೆ ಎರಡೂ 'ಹೋಗಿದ್ದೆ'ಯೇ. ಅದೇ ರೈತರು 'ಕಲಬುರ್ಗಿಗೆ ಹೋಗಿದ್ದೆ' ಅಂದರೆ ಬಸ್ಸಿನಲ್ಲೋ ಗಾಡಿಯಲ್ಲೋ ಹೋಗಿದ್ದರೆಂದು ಊರವರಿಗೆ ಗೊತ್ತು. ಹೊಲ ಎಷ್ಟು ದೂರ, ಕಲಬುರ್ಗಿ ಎಷ್ಟು ದೂರ ಎಂಬ ಅಂದಾಜು ವಾಕ್ಯದಲ್ಲಿಲ್ಲ, ಕೇಳುವವರ ತಲೆಯಲ್ಲಿದೆ. ಯಂತ್ರಕ್ಕೆ ವ್ಯಾಕರಣದ ಜೊತೆಗೆ ಬೋನಾಳದ ದಾರಿಗಳನ್ನೂ ಹೇಳಿಕೊಡಬೇಕು.