ಪೆಟ್ಟು ಮುಂದೆ, ಒಡಕು ಹಿಂದೆ

ಗೋಡೆ ಉಳಿದರೆ ಅದರ ಮರೆಯಲ್ಲಿದ್ದವರೂ ಉಳಿದಂತೆಯೇ ಎಂದು ನಂಬುವುದು ಸಹಜ. ಕಾಂಕ್ರೀಟಿನ ವಿಷಯದಲ್ಲಿ ಈ ನಂಬಿಕೆ ಸದಾ ಸಲ್ಲದು. ಬಂಡೆಯೊಂದು ಉರುಳಿ ಬಡಿಯಲಿ, ಸ್ಫೋಟದ ಚೂರೊಂದು ಬಂದು ತಾಗಲಿ, ಗೋಡೆಯ ಮುಂಭಾಗದಲ್ಲಿ ಅಂಗೈಯಗಲದ ಕುಳಿ ಮಾತ್ರ ಬಿದ್ದು ಗೋಡೆ ನೆಟ್ಟಗೆ ನಿಂತಿರಬಹುದು. ಆದರೆ ಅದೇ ಕ್ಷಣದಲ್ಲಿ ಹಿಂಬದಿಯಿಂದ ಕಾಂಕ್ರೀಟಿನ ಚಕ್ಕೆಗಳು ಸಿಡಿದು ಒಳಗಿದ್ದವರ ಪ್ರಾಣಕ್ಕೇ ಎರವಾಗಬಹುದು.

ಹೀಗಾಗುವುದೇಕೆ? ಸಿಮೆಂಟು, ಮರಳು, ಜಲ್ಲಿ, ನೀರು ಸೇರಿ ಆದ ಈ ಕೃತಕ ಶಿಲೆ ಅದುಮುವ ಭಾರವನ್ನು ಧಾರಾಳವಾಗಿ ಹೊರಬಲ್ಲದು. ಎಳೆದರೆ ಮಾತ್ರ ಸುಮಾರು ಅದರ ಹತ್ತನೆಯ ಒಂದು ಪಾಲು ಬಲಕ್ಕೇ ಸೋಲುತ್ತದೆ. ಪೆಟ್ಟು ಬಿದ್ದೊಡನೆ ಒತ್ತಡದ ಅಲೆಯೊಂದು ಸೆಕೆಂಡಿಗೆ ಸುಮಾರು 4 ಕಿಲೋಮೀಟರು ವೇಗದಿಂದ ಗೋಡೆಯೊಳಗೆ ಧಾವಿಸುತ್ತದೆ. ಹಿಂಬದಿಯಲ್ಲಿ ಬರಿಯ ಗಾಳಿಯಿರುವುದರಿಂದ ಅಲ್ಲಿಂದ ಹಿಂದಿರುಗುತ್ತದೆ. ಹೋಗುವಾಗ ಅದುಮುತ್ತ ಹೋದ ಅಲೆ ಬರುವಾಗ ಎಳೆಯುತ್ತ ಬರುತ್ತದೆ! ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಪ್ರೊಫೆಸರ್ ಬರ್ಟ್ರಂ ಹಾಪ್ಕಿನ್ಸನ್ನರು 1914ರಲ್ಲಿಯೇ ಈ ವಿಚಿತ್ರವನ್ನು ವಿವರಿಸಿದ್ದರು. ಉಕ್ಕಿನ ಹಲಗೆಯ ಒಂದು ಮೈಯ ಮೇಲೆ ಸ್ಫೋಟಕ ಸಿಡಿಸಿದರೆ ಇನ್ನೊಂದು ಮೈಯಿಂದ ಚಕ್ಕೆ ಕಳಚಿ ಹಾರುತ್ತದೆ. ಉಕ್ಕಿನ ಗತಿಯೇ ಇದಾದರೆ ಕಾಂಕ್ರೀಟಿನ ಪಾಡೇನು?

ಒಳಗೆ ಕಬ್ಬಿಣದ ಸರಳುಗಳಿವೆಯಲ್ಲ ಎನ್ನಬಹುದು. ಅವು ಗೋಡೆಯನ್ನು ಬೀಳದಂತೆ ಹಿಡಿಯುತ್ತವೆ, ನಿಜ. ಆದರೆ ಸರಳಿಗೂ ಸರಳಿಗೂ ನಡುವೆ ಅಂತರವುಂಟು. ಸರಳಿನ ಹೊರಗಣ ಪದರಕ್ಕಂತೂ ಯಾವ ಆಸರೆಯೂ ಇಲ್ಲ.

ನಾರಿನ ಉಪಾಯ

ಗೋಡೆಯ ಮಣ್ಣಿಗೆ ಹುಲ್ಲು ಬೆರೆಸಿ ತುಳಿಯುತ್ತಿದ್ದ ನಮ್ಮ ಹಿರಿಯರಿಗೆ ಇದರ ಪರಿಹಾರ ಹೊಸದೆನಿಸದು. ಹುಲ್ಲಿನ ಸ್ಥಾನದಲ್ಲಿ ಈಗ ಉಕ್ಕಿನ ನಾರು ಬಂದಿದೆ. ತಂತಿಗಳನ್ನು ಒತ್ತೊತ್ತಾಗಿ ಸೇರಿಸಿದರೆ ಬಿರುಕು ಹರಡದಂತೆ ತಡೆಯಬಹುದೆಂದು ಅಮೆರಿಕದ ಜೇಮ್ಸ್ ರೊಮುವಾಲ್ಡಿ ಮತ್ತು ಗಾರ್ಡನ್ ಬ್ಯಾಟ್ಸನ್ 1963ರಲ್ಲಿ ತೋರಿಸಿದ ಮೇಲೆ ಈ ವಿದ್ಯೆ ವೇಗವಾಗಿ ಬೆಳೆಯಿತು. ಸಾಮಾನ್ಯವಾಗಿ 30ರಿಂದ 60 ಮಿಲಿಮೀಟರು ಉದ್ದದ ಈ ನಾರುಗಳ ತುದಿಯನ್ನು ಹಲವು ವೇಳೆ ಕೊಕ್ಕೆಯಂತೆ ಬಾಗಿಸಿರುತ್ತಾರೆ. ಬಿರುಕು ಬಾಯ್ದೆರೆದಾಗ ಅವು ಎರಡು ದಡಗಳನ್ನೂ ಬಿಗಿಹಿಡಿಯುತ್ತವೆ. ಒಂದೊಂದು ನಾರನ್ನು ಕಿತ್ತೆಳೆಯುವುದರಲ್ಲಿಯೇ ಪೆಟ್ಟಿನ ಶಕ್ತಿ ವ್ಯಯವಾಗುತ್ತದೆ.

ಇದನ್ನು ಅಳೆಯುವ ಒಂದು ಪರೀಕ್ಷೆ ಬಲು ಸರಳ. 152 ಮಿಲಿಮೀಟರು ಅಗಲ, 63.5 ಮಿಲಿಮೀಟರು ದಪ್ಪದ ಕಾಂಕ್ರೀಟಿನ ಬಿಲ್ಲೆಯ ಮೇಲೆ ಉಕ್ಕಿನ ಗುಂಡೊಂದನ್ನಿಟ್ಟು, ಅದರ ಮೇಲೆ 4.54 ಕಿಲೋಗ್ರಾಂ ತೂಕದ ಸುತ್ತಿಗೆಯನ್ನು 457 ಮಿಲಿಮೀಟರು ಎತ್ತರದಿಂದ ಮತ್ತೆ ಮತ್ತೆ ಬೀಳಿಸುತ್ತಾರೆ, ಪೆಟ್ಟುಗಳನ್ನು ಎಣಿಸುತ್ತಾರೆ. ಸಾದಾ ಬಿಲ್ಲೆ ಬಿರುಕು ಕಂಡ ಕೆಲವೇ ಪೆಟ್ಟುಗಳಲ್ಲಿ ಹೋಳಾಗುತ್ತದೆ. ನಾರಿನ ಬಿಲ್ಲೆ ಬಿರುಕು ಬಿಟ್ಟ ಮೇಲೂ ಬಹುಕಾಲ ಸೆಣಸುತ್ತದೆ.

ಪದರಗಳೇಕೆ?

ಹಾಗಾದರೆ ಇಡೀ ಗೋಡೆಗೇ ನಾರು ತುಂಬಬಾರದೆ? ಒಂದು ಘನ ಮೀಟರು ಕಾಂಕ್ರೀಟಿನ ಗಾತ್ರದಲ್ಲಿ ನೂರಕ್ಕೆ 1 ಪಾಲು ನಾರೆಂದರೆ ಸುಮಾರು 78 ಕಿಲೋಗ್ರಾಂ ಉಕ್ಕು. ವೆಚ್ಚ ಏರುತ್ತದೆ, ನಾರು ಅತಿಯಾದರೆ ಕಲಸುವಾಗ ಉಂಡೆಗಟ್ಟುತ್ತದೆ. ಆದುದರಿಂದ ಬೇಕಾದಲ್ಲಿ ಮಾತ್ರ ಕೊಡುವುದು ಜಾಣತನ: ಚಕ್ಕೆ ಸಿಡಿಯುವ ಹಿಂಬದಿಯ ಪದರಕ್ಕೆ ಹೆಚ್ಚು, ಕುಳಿ ಬೀಳುವ ಮುಂಬದಿಗೆ ತಕ್ಕಷ್ಟು, ನಡುವಿನ ಪದರಕ್ಕೆ ಕಡಮೆ. ಚಪ್ಪಡಿಯ ಮೇಲೆ ಭಾರ ಬಿದ್ದಾಗಲೂ ಇದೇ ನ್ಯಾಯ. ಬಾಗುವ ಚಪ್ಪಡಿಯ ತಳದಲ್ಲಿ ಎಳೆತ ಹೆಚ್ಚಾದುದರಿಂದ ನಾರಿನ ಪದರ ಅಲ್ಲಿರಬೇಕು.

ಇದರಲ್ಲೊಂದು ಅಪಾಯವೂ ಉಂಟು. ಕೆಳಗಿನ ಪದರ ಹಸಿಯಾಗಿರುವಾಗಲೇ ಮೇಲಿನದನ್ನು ಸುರಿಯಬೇಕು. ತಡವಾಗಿ ಅದು ಗಟ್ಟಿಯಾದರೆ ಎರಡೂ ಒಂದಾಗಿ ಬೆಸೆಯುವುದಿಲ್ಲ. ಎಳೆತದ ಅಲೆ ಆ ಸಂದಿನಲ್ಲಿಯೇ ಗೋಡೆಯನ್ನು ಸೀಳುತ್ತದೆ. ಮೇಸ್ತ್ರಿಯ ಅರ್ಧ ದಿನದ ಉದಾಸೀನ ಇಂಜಿನಿಯರನ ಲೆಕ್ಕವನ್ನೆಲ್ಲ ಕೆಡಿಸಬಲ್ಲದು.

ನಾರು ಸೇರಿದ ಮಾತ್ರಕ್ಕೆ ಗೋಡೆ ವಜ್ರವಾಗುವುದಿಲ್ಲ. ಸಾಕಷ್ಟು ದೊಡ್ಡ ಪೆಟ್ಟಿಗೆ ಅದೂ ಬಿರುಕು ಬಿಡುತ್ತದೆ. ಆದರೆ ಒಡೆದ ಚೂರು ತನ್ನ ಜಾಗ ಬಿಟ್ಟು ಹಾರದು. ಗೋಡೆಯನ್ನು ನಾಳೆ ಮತ್ತೆ ಕಟ್ಟಬಹುದು. ಇಂದು ಅದರ ಹಿಂದಿರುವವರು ಉಳಿಯುವುದು ಮುಖ್ಯ.