ಲೋಕದ ಹಾಡು, ಸಭೆಯ ಕಿವಿ

1957ರ ಅಕ್ಟೋಬರ್. ಅಮೆರಿಕದ ಮೆಂಫಿಸ್ ನಗರದ ಸನ್ ಸ್ಟುಡಿಯೋದಲ್ಲಿ ಒಂದು ಹಾಡಿನ ಧ್ವನಿಮುದ್ರಣ ನಡೆಯಬೇಕಿತ್ತು. ಹಾಡಬೇಕಾದವನು ಜೆರಿ ಲೀ ಲೂಯಿಸ್, ವಯಸ್ಸು 22. ಹಾಡು, ಮುಂದೆ ಲೋಕವನ್ನೇ ಕುಣಿಸಿದ ‘ಗ್ರೇಟ್ ಬಾಲ್ಸ್ ಆಫ್ ಫೈರ್’. ಆದರೆ ಪಿಯಾನೋ ಮುಂದೆ ಕೂತವನು ನುಡಿಸುವುದನ್ನು ಬಿಟ್ಟು ಸ್ಟುಡಿಯೋ ಮಾಲೀಕ ಸ್ಯಾಮ್ ಫಿಲಿಪ್ಸ್ ಜೊತೆ ಜಗಳಕ್ಕೆ ಬಿದ್ದ. ಇದು ಸೈತಾನನ ಸಂಗೀತ, ಇದನ್ನು ಹಾಡಿಕೊಂಡು ಯಾರ ಆತ್ಮವನ್ನೂ ರಕ್ಷಿಸಲಾಗದು ಎಂಬುದು ಅವನ ವಾದ. ರಾಕ್ ಅಂಡ್ ರೋಲ್ ಹಾಡುವವನೂ ಜನರಿಗೆ ಒಳಿತು ಮಾಡಬಲ್ಲ ಎಂಬುದು ಫಿಲಿಪ್ಸ್ ವಾದ. ನನ್ನೊಳಗೇ ಸೈತಾನ ಕೂತಿರುವಾಗ ಅದು ಹೇಗೆ ಆಗುತ್ತದೆ ಎಂದು ಲೂಯಿಸ್ ಕೂಗಾಡಿದ. ಟೇಪು ಓಡುತ್ತಲೇ ಇದ್ದುದರಿಂದ ಆ ಜಗಳ ಇಂದಿಗೂ ಕೇಳಲು ಸಿಗುತ್ತದೆ. ಕೊನೆಗೆ ಅವನು ಹಾಡಿದ. ನರಕದ ಭಯ ಬಿಡದೆಯೇ ಹಾಡಿದ. ಆ ಹಾಡಿನ ಕಾವಿಗೆ ಆ ಭಯವೂ ಒಂದು ಕಾರಣವಿರಬೇಕೆಂದು ನನ್ನ ಗುಮಾನಿ.

ಲೂಯಿಸ್ ಹುಟ್ಟಿದ್ದು ಲೂಸಿಯಾನಾ ರಾಜ್ಯದ ಫೆರಿಡೇ ಎಂಬ ಸಣ್ಣ ಊರಿನಲ್ಲಿ, ಬೆಳೆದದ್ದು ಅಸೆಂಬ್ಲೀಸ್ ಆಫ್ ಗಾಡ್ ಪಂಗಡದ ಸಭೆಯಲ್ಲಿ. ಟೆಕ್ಸಸ್‌ನ ಬೈಬಲ್ ಶಾಲೆಯೊಂದಕ್ಕೆ ಓದಲು ಹೋದವನು, ಆರಾಧನೆಯಲ್ಲಿ ಭಕ್ತಿಗೀತೆಯೊಂದನ್ನು ಬೂಗಿ ವೂಗಿ ಧಾಟಿಯಲ್ಲಿ ನುಡಿಸಿ ಹೊರಬಿದ್ದಿದ್ದ. ಅವನ ಜೊತೆಗೇ ಪಿಯಾನೋ ಕಲಿತ ಸೋದರಸಂಬಂಧಿ ಜಿಮ್ಮಿ ಸ್ವಾಗರ್ಟ್ ಮುಂದೆ ದೊಡ್ಡ ಟಿವಿ ಬೋಧಕನಾದ. ರಾಕ್ ಅಷ್ಟೇ ಅಲ್ಲ, ಕ್ರಿಸ್ತನ ಹೆಸರಿನಲ್ಲಿ ಹಾಡುವ ರಾಕ್ ಕೂಡ ಕುರಿತೊಗಲು ಹೊದ್ದ ತೋಳ ಎಂದು ಪುಸ್ತಕವನ್ನೇ ಬರೆದ. ಮರು ವರ್ಷ, 1988ರಲ್ಲಿ, ವೇಶ್ಯೆಯ ಸಹವಾಸದ ಹಗರಣದಲ್ಲಿ ಸಿಕ್ಕಿ ಟಿವಿ ಮುಂದೆ ಕಣ್ಣೀರಿಟ್ಟವನೂ ಅವನೇ. ಇಬ್ಬರ ಬೆರಳುಗಳೂ ಒಂದೇ ಬಗೆಯಲ್ಲಿ ಓಡುತ್ತಿದ್ದವು. 2022ರಲ್ಲಿ, ಲೂಯಿಸ್ ಸಾಯುವ ವರ್ಷ, ಇಬ್ಬರೂ ಸೇರಿ ಒಂದು ಭಕ್ತಿಗೀತೆಗಳ ಆಲ್ಬಮ್ ಮಾಡಿದರು.

ಕ್ರೈಸ್ತನಾದವನು ರಾಕ್ ಕೇಳಬಹುದೇ ಎಂಬ ಪ್ರಶ್ನೆ ಇನ್ನೂ ಹಳತಾಗಿಲ್ಲ. ನಮ್ಮ ಊರುಗಳ ಪೆಂತೆಕೋಸ್ತ ಸಭೆಗಳಲ್ಲೂ ‘ಲೋಕದ ಹಾಡು ಬಿಡು’ ಎಂಬ ಬುದ್ಧಿಮಾತು ಯುವಜನರ ಕಿವಿಗೆ ಬೀಳುತ್ತಲೇ ಇರುತ್ತದೆ. ಸಭೆ ಒಂದು ಮನೆ, ರಾಕ್ ಅದರ ಎದುರು ಬೀದಿಯ ಸಾರಾಯಿ ಅಂಗಡಿ ಎಂಬಂತೆ ಈ ಮಾತು ಶುರುವಾಗುತ್ತದೆ. ಚರಿತ್ರೆ ಹಾಗೆ ಹೇಳುವುದಿಲ್ಲ. ರಾಕ್ ಹುಟ್ಟಿದ್ದೇ ಸಭೆಯ ಹಿತ್ತಲಿನಲ್ಲಿ.

ಸಿಸ್ಟರ್ ರೊಸೆಟಾ ಥಾರ್ಪ್‌ಳನ್ನು ನೋಡಿ. ಅರ್ಕಾನ್ಸಾದ ಕಾಟನ್ ಪ್ಲಾಂಟ್‌ನಲ್ಲಿ 1915ರಲ್ಲಿ ಹುಟ್ಟಿದ ಕಪ್ಪು ಹುಡುಗಿ. ತಾಯಿ ಸುವಾರ್ತೆ ಸಾರುತ್ತ ಊರೂರು ಅಲೆಯುತ್ತಿದ್ದವಳು. ಮಗಳು ಎಳವೆಯಲ್ಲೇ ಗಿಟಾರ್ ಹಿಡಿದು ಸಭೆಗಳಲ್ಲಿ ಹಾಡತೊಡಗಿದಳು. ಅವರ ಪಂಗಡದ ಆರಾಧನೆಯೆಂದರೆ ಡ್ರಮ್, ದಮ್ಮಡಿ, ಚಪ್ಪಾಳೆ, ಕುಣಿತ. ದೇವರ ಮುಂದೆ ಮೈ ಸುಮ್ಮನಿರಬೇಕೆಂದು ಅಲ್ಲಿ ಯಾರೂ ಹೇಳಿಕೊಡುತ್ತಿರಲಿಲ್ಲ. 1938ರಲ್ಲಿ ಥಾರ್ಪ್ ಅದೇ ಹಾಡುಗಳನ್ನು ನ್ಯೂಯಾರ್ಕಿನ ಕಾಟನ್ ಕ್ಲಬ್ಬಿಗೆ ಒಯ್ದಳು. ಕುಡಿಯುತ್ತ ಕೂತವರ ಮುಂದೆ ಯೇಸುವಿನ ಹಾಡು! ಸಭೆಯವರು ಕೆರಳಿದರು. ಅವಳು ಎರಡೂ ಕಡೆ ಹಾಡುವುದನ್ನು ಬಿಡಲಿಲ್ಲ. 1944ರಲ್ಲಿ ಮುದ್ರಿಸಿದ ‘ಸ್ಟ್ರೇಂಜ್ ಥಿಂಗ್ಸ್ ಹ್ಯಾಪನಿಂಗ್ ಎವೆರಿ ಡೇ’ ಮರುವರ್ಷ ಕಪ್ಪುಜನರ ಸಂಗೀತಕ್ಕೆಂದು ಬಿಲ್‌ಬೋರ್ಡ್ ಪತ್ರಿಕೆ ಪ್ರತ್ಯೇಕವಾಗಿಟ್ಟಿದ್ದ ಪಟ್ಟಿಯ ಮೇಲ್ಭಾಗಕ್ಕೆ ಏರಿತು. ಮೊದಲ ರಾಕ್ ಹಾಡು ಯಾವುದು ಎಂದು ವಾದ ಮಾಡುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಎಲೆಕ್ಟ್ರಿಕ್ ಗಿಟಾರ್ ಮೇಲೆ ಅವಳ ಕೈ ಓಡುವ ಹಳೆಯ ವಿಡಿಯೋಗಳಿವೆ, ನೋಡಿ. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಗಂಡಸರು ಮಾಡಿ ಹೆಸರು ಗಳಿಸಿದ್ದೆಲ್ಲ ಅಲ್ಲಿ ಆಗಲೇ ಇದೆ. 1973ರಲ್ಲಿ ತೀರಿಕೊಂಡ ಅವಳಿಗೆ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಬಾಗಿಲು ತೆರೆದದ್ದು 2018ರಲ್ಲಿ.

1947ರಲ್ಲಿ ಜಾರ್ಜಿಯಾದ ಮೇಕನ್ ಊರಲ್ಲಿ ಅವಳು ವೇದಿಕೆಗೆ ಕರೆದು ಹಾಡಿಸಿದ ಒಬ್ಬ ಹುಡುಗನೇ ಲಿಟಲ್ ರಿಚರ್ಡ್. ಹತ್ತು ವರ್ಷದ ಬಳಿಕ, ಲೂಯಿಸ್ ಮೆಂಫಿಸ್‌ನಲ್ಲಿ ಕೂಗಾಡುತ್ತಿದ್ದ ಅದೇ ಅಕ್ಟೋಬರ್‌ನಲ್ಲಿ, ಆಸ್ಟ್ರೇಲಿಯಾ ಪ್ರವಾಸದಲ್ಲಿದ್ದ ರಿಚರ್ಡ್ ರಾಕ್ ಬಿಟ್ಟೆ ಎಂದು ಘೋಷಿಸಿ ತನ್ನ ಉಂಗುರಗಳನ್ನು ನದಿಗೆ ಎಸೆದ. ದೇವಶಾಸ್ತ್ರ ಓದಲು ಕಾಲೇಜು ಸೇರಿದ. ಕೆಲವೇ ವರ್ಷಗಳಲ್ಲಿ ಮತ್ತೆ ರಾಕ್‌ಗೆ ಮರಳಿದ, ಮತ್ತೆ ಬಿಟ್ಟ, ಮತ್ತೆ ಮರಳಿದ. ಎಲ್ವಿಸ್ ಪ್ರೆಸ್ಲಿಗೆ ಇಂಥ ಒದ್ದಾಟ ಕಡಿಮೆ. ಅವನಿಗೆ ಸ್ಪರ್ಧೆಯಲ್ಲಿ ಬಂದ ಮೂರು ಗ್ರ್ಯಾಮಿ ಪ್ರಶಸ್ತಿಗಳೂ ರಾಕ್‌ಗಲ್ಲ, ಭಕ್ತಿಗೀತೆಗಳಿಗೆ.

ಹಾಗಾದರೆ ಸೈತಾನ ಎಲ್ಲಿಂದ ಬಂದ? ಹಾಡಿನ ಮಾತಿಗಿಂತ ಮೊದಲು ಅವನು ಕಂಡದ್ದು ತಾಳದಲ್ಲಿ. 1950ರ ದಶಕದ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಬಿಳಿಯ ಬೋಧಕರು ‘ಕಾಡಿನ ತಾಳ’ ಎಂದು ಬೈದದ್ದರಲ್ಲಿ ಧರ್ಮದಷ್ಟೇ ಬಣ್ಣದ ಪ್ರಶ್ನೆಯೂ ಇತ್ತು. ಬಿಳಿಯರ ಮಕ್ಕಳು ಕಪ್ಪುಜನರ ತಾಳಕ್ಕೆ ಕುಣಿಯುವುದು ಅವರಿಗೆ ಸಹಿಸಲಾಗದ ಸಂಗತಿ. ಅಲಬಾಮಾದ ಬಿಳಿಯರ ಸಂಘಟನೆಯೊಂದು ರಾಕ್ ವಿರುದ್ಧ ಚಳವಳಿಯನ್ನೇ ಹೂಡಿತ್ತು. 1956ರಲ್ಲಿ ಬರ್ಮಿಂಗ್‌ಹ್ಯಾಮ್‌ನ ವೇದಿಕೆಯ ಮೇಲೆ ಗಾಯಕ ನ್ಯಾಟ್ ಕಿಂಗ್ ಕೋಲ್ ಮೇಲೆ ಬಿಳಿಯರು ಹಲ್ಲೆ ಮಾಡಿದರು. ಪಾಪ, ಅವನು ಹಾಡುತ್ತಿದ್ದುದು ರಾಕ್ ಕೂಡ ಅಲ್ಲ, ಮೆಲ್ಲನೆಯ ಪ್ರೇಮಗೀತೆ. ನಮ್ಮ ದೇಶದಲ್ಲೂ ಇದರ ನೆರಳುಂಟು. ಮಿಜೋರಾಂಗೆ ಬಂದ ವೇಲ್ಸ್ ಮಿಷನರಿಗಳಿಗೆ ಅಲ್ಲಿನ ‘ಖುಅಂಗ್’ ಎಂಬ ಮದ್ದಳೆಯನ್ನು ಕಂಡರೆ ಆಗುತ್ತಿರಲಿಲ್ಲ. ಅದು ಹಳೆಯ ನಂಬಿಕೆಯ, ಕುಡಿತ ಕುಣಿತಗಳ ವಾದ್ಯ. 20ನೇ ಶತಮಾನದ ಮೊದಲ ದಶಕಗಳ ಉಜ್ಜೀವನ ಕೂಟಗಳಲ್ಲಿ ಮಿಜೋ ಜನ ಅದನ್ನು ತಾವೇ ಒಳಗೆ ತಂದರು. ಇಂದು ಆ ಮದ್ದಳೆಯಿಲ್ಲದೆ ಮಿಜೋ ಸಭೆಯ ಹಾಡು ಮೇಲೇಳುವುದಿಲ್ಲ. ಕ್ರೈಸ್ತರೇ ಬಹುಸಂಖ್ಯಾತರಾದ ಆ ಈಶಾನ್ಯ ರಾಜ್ಯಗಳೇ ಭಾರತದಲ್ಲಿ ರಾಕ್‌ಗೆ ತವರಾಗಿರುವುದು ಆಕಸ್ಮಿಕವಲ್ಲ. ಭಾನುವಾರ ಕ್ವಾಯರ್‌ನಲ್ಲಿ ನಾಲ್ಕು ಧ್ವನಿಗಳಲ್ಲಿ ಹಾಡುವುದನ್ನು ಕಲಿತವರೇ ಶಿಲ್ಲಾಂಗ್‌ನಲ್ಲಿ, ಕೊಹಿಮಾದಲ್ಲಿ ಗಿಟಾರ್ ಹಿಡಿದರು. ಶಿಲ್ಲಾಂಗ್‌ನ ಲೂ ಮಾಜಾವ್ 1972ರಿಂದ ಪ್ರತಿ ವರ್ಷ ಮೇ 24ರಂದು ಬಾಬ್ ಡಿಲನ್ ಹುಟ್ಟುಹಬ್ಬವನ್ನು ಹಾಡುತ್ತ ಆಚರಿಸುತ್ತ ಬಂದಿದ್ದಾರೆ.

1966ರಲ್ಲಿ ಬೀಟಲ್ಸ್ ತಂಡದ ಜಾನ್ ಲೆನನ್, ನಾವೀಗ ಯೇಸುವಿಗಿಂತ ಜನಪ್ರಿಯರು ಎಂದದ್ದಕ್ಕೆ ಅಮೆರಿಕದಲ್ಲಿ ರೆಕಾರ್ಡುಗಳ ರಾಶಿ ಹಾಕಿ ಸುಟ್ಟ ಕಥೆ ಎಲ್ಲರಿಗೂ ಗೊತ್ತು. ಟೆಕ್ಸಸ್‌ನ ಒಂದು ರೇಡಿಯೋ ಕೇಂದ್ರ ಹೀಗೆ ಸುಡಿಸಿದ ಮರುದಿನವೇ ಅದರ ಗೋಪುರಕ್ಕೆ ಸಿಡಿಲು ಬಡಿದದ್ದು ಅಷ್ಟಾಗಿ ಗೊತ್ತಿಲ್ಲ. ಆಮೇಲೆ, 1980ರ ದಶಕದಲ್ಲಿ, ಹಾಡನ್ನು ಹಿಂದುಮುಂದಾಗಿ ತಿರುಗಿಸಿದರೆ ಸೈತಾನನ ಸ್ತುತಿ ಕೇಳುತ್ತದೆ ಎಂಬ ಗುಲ್ಲು. ಜೂಡಸ್ ಪ್ರೀಸ್ಟ್ ತಂಡದ ಹಾಡಿನಲ್ಲಿ ಅಡಗಿದ್ದ ಸಂದೇಶವೇ ತಮ್ಮ ಮಕ್ಕಳನ್ನು ಆತ್ಮಹತ್ಯೆಗೆ ದೂಡಿತು ಎಂದು ಎರಡು ಕುಟುಂಬಗಳು ಹೂಡಿದ ಮೊಕದ್ದಮೆ 1990ರಲ್ಲಿ ನೆವಾಡಾದ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ಮಕ್ಕಳನ್ನು ಕಳೆದುಕೊಂಡವರ ಸಂಕಟ ದೊಡ್ಡದು. ಕಾರಣ ಮಾತ್ರ ಬೇರೆಡೆ ಇತ್ತು.

ಸುಟ್ಟವರು ಏನನ್ನು ಸುಡುತ್ತಿದ್ದೇವೆಂದು ನೋಡಿದ್ದರೇ? ಐರನ್ ಮೇಡನ್ ತಂಡದ ‘ದ ನಂಬರ್ ಆಫ್ ದ ಬೀಸ್ಟ್’ 1982ರಲ್ಲಿ ಬಂದಾಗಲೂ ಅಮೆರಿಕದಲ್ಲಿ ಬೆಂಕಿ ಹೊತ್ತಿತು. ಆ ಹಾಡು ಶುರುವಾಗುವುದೇ ಬೈಬಲ್‌ನ ಪ್ರಕಟನೆ ಗ್ರಂಥದ ವಾಕ್ಯಗಳ ಓದಿನಿಂದ. ಬರೆದ ಸ್ಟೀವ್ ಹ್ಯಾರಿಸ್‌ಗೆ ಪ್ರೇರಣೆ, ಸೈತಾನನ ಮಗನ ಕುರಿತ ಸಿನಿಮಾ ನೋಡಿ ಬಿದ್ದ ಕೆಟ್ಟ ಕನಸು. ಹಾಡಿನಲ್ಲಿರುವುದು ಹೆದರಿ ನಡುಗುವವನ ದನಿ. ಹಾಡು ಬಂದ ಮೇಲೆ ವೇದಿಕೆಗಳಲ್ಲಿ ಅದಕ್ಕೆ ಡ್ರಮ್ ನುಡಿಸಿದ ನಿಕೋ ಮೆಕ್‌ಬ್ರೇನ್ ಕಥೆ ಇನ್ನೂ ಸ್ವಾರಸ್ಯ. ಅದೇ 1982ರ ಕೊನೆಗೆ ತಂಡ ಸೇರಿ, ನೂರಾರು ವೇದಿಕೆಗಳಲ್ಲಿ ಅದನ್ನು ಬಾರಿಸಿದ ಆತ 1999ರಲ್ಲಿ ಫ್ಲಾರಿಡಾದ ಸಭೆಯೊಂದರಲ್ಲಿ ಕ್ರಿಸ್ತನನ್ನು ಒಪ್ಪಿಕೊಂಡ. ತಂಡ ಬಿಡಲಿಲ್ಲ. 2024ರ ಡಿಸೆಂಬರ್‌ನಲ್ಲಿ ಪ್ರವಾಸಗಳಿಂದ ನಿವೃತ್ತನಾಗುವ ತನಕ ಬಾರಿಸಿದ. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್ ನುಡಿಸಿದಾಗ, ಸೈತಾನನ ತಂಡ ಎನಿಸಿಕೊಂಡದ್ದರ ಡ್ರಮ್‌ಗಳ ಹಿಂದೆ ಕೂತಿದ್ದವನು ಹೊಸದಾಗಿ ಹುಟ್ಟಿದ ಕ್ರೈಸ್ತ.

ಮೆಗಾಡೆತ್ ತಂಡದ ಡೇವ್ ಮಸ್ಟೇನ್ ಬೇರೆ ದಾರಿ ಹಿಡಿದ. ಕ್ರೈಸ್ತನಾದ ಮೇಲೆ, ಮಾಟಮಂತ್ರದ ನೆನಪು ತರುತ್ತಿದ್ದ ತನ್ನದೇ ಹಳೆಯ ಹಾಡೊಂದನ್ನು ವರ್ಷಗಟ್ಟಲೆ ವೇದಿಕೆಯಲ್ಲಿ ನುಡಿಸಲಿಲ್ಲ. ಕ್ರಿಸ್ತನನ್ನು ಹೆಸರಿನಲ್ಲೇ ಹೀಯಾಳಿಸುವ ಬ್ಯಾಂಡಿನ ಜೊತೆ ವೇದಿಕೆ ಹಂಚಿಕೊಳ್ಳಲು ಒಪ್ಪಲಿಲ್ಲ. ಇಬ್ಬರಲ್ಲಿ ಯಾರು ಸರಿ?

ಬೈಬಲ್‌ನ ಅಪೊಸ್ತಲ ಪೌಲನನ್ನು ಕೇಳಿದರೆ ಇಬ್ಬರೂ. ಕೊರಿಂಥದ ಸಭೆಯಲ್ಲಿ ಇಂಥದ್ದೇ ತಕರಾರು ಎದ್ದಿತ್ತು: ಪೇಟೆಯಲ್ಲಿ ಮಾರುವ ಮಾಂಸ ವಿಗ್ರಹಕ್ಕೆ ಅರ್ಪಿಸಿದ್ದಾಗಿರಬಹುದು, ತಿನ್ನಬಹುದೇ? ವಿಗ್ರಹವೆಂಬುದು ಏನೂ ಅಲ್ಲವಾದ್ದರಿಂದ ಮಾಂಸ ಬರೀ ಮಾಂಸ, ತಿನ್ನಿ ಎನ್ನುತ್ತಾನೆ ಪೌಲ. ಆದರೆ ತಿಂದರೆ ಮನಸ್ಸಾಕ್ಷಿ ಕುಟುಕುವವನು ತಿನ್ನಬಾರದು, ಅಂಥವನ ಎದುರು ತಿಂದು ಅವನನ್ನು ಎಡವಿಸಲೂಬಾರದು. ಹಳೆಯ ಬದುಕಿನ ಮಾಟಕ್ಕೆ ನಿಜವಾಗಿ ಹೆದರಿದ್ದ ಮಸ್ಟೇನ್‌ಗೆ ಆ ಹಾಡು ವಿಷ. ಮೆಕ್‌ಬ್ರೇನ್‌ಗೆ ಅದೊಂದು ದೆವ್ವದ ಕಥೆ. ಸಭೆಗಳಲ್ಲಿ ಪೌಲನ ಪತ್ರದ ಈ ಅಧ್ಯಾಯಗಳನ್ನು ಓದುತ್ತಾರೆ, ಸಂಗೀತದ ಮಾತು ಬಂದಾಗ ಮಾತ್ರ ಮರೆತುಬಿಡುತ್ತಾರೆ.

ಸಂತ ಅಗಸ್ತೀನನ ಭಯ ಇನ್ನೂ ಸೂಕ್ಷ್ಮ. ‘ಕನ್ಫೆಷನ್ಸ್’ ಗ್ರಂಥದಲ್ಲಿ ಅವನು ಹೆದರಿರುವುದು ಲೋಕದ ಹಾಡಿಗಲ್ಲ, ದೇವಾಲಯದ ಹಾಡಿಗೆ. ಹಾಡಿನ ಅರ್ಥಕ್ಕಿಂತ ರಾಗವೇ ತನ್ನನ್ನು ಹೆಚ್ಚು ಕರಗಿಸಿದಾಗ ತಾನು ಪಾಪ ಮಾಡಿದೆನೆಂದು ಅವನಿಗೆ ಅನ್ನಿಸುತ್ತದೆ. ಹಾಗೆಂದು ಹಾಡನ್ನು ತೆಗೆದುಹಾಕಿ ಎಂದೂ ಹೇಳಲಾರ. ಈ ಅಳತೆಗೋಲು ಹಿಡಿದರೆ ಭಾನುವಾರದ ಆರಾಧನೆಯಲ್ಲಿ ಕೀಬೋರ್ಡ್ ಏರಿದ್ದಕ್ಕೇ ಕಣ್ಣೀರು ಸುರಿಸುವ ನಮ್ಮಲ್ಲಿ ಅನೇಕರು ಸಿಕ್ಕಿಬೀಳುತ್ತೇವೆ.

ರಾಗಗಳೋ, ಯಾವ ಬೇಲಿಯನ್ನೂ ಲೆಕ್ಕಿಸುವುದಿಲ್ಲ. ಕ್ರಿಸ್ತನ ಗಾಯಗೊಂಡ ಶಿರಸ್ಸನ್ನು ಕುರಿತ ಜರ್ಮನ್ ಕೀರ್ತನೆಯ ರಾಗ ಬಾಖ್‌ನ ‘ಸೇಂಟ್ ಮ್ಯಾಥ್ಯೂ ಪ್ಯಾಶನ್’ನಲ್ಲಿ ಮತ್ತೆ ಮತ್ತೆ ಬಂದು ಎದೆ ಹಿಂಡುತ್ತದೆ. 1601ರಲ್ಲಿ ಹ್ಯಾಸ್ಲರ್ ಎಂಬ ಸಂಗೀತಗಾರ ಆ ರಾಗ ಕಟ್ಟಿದ್ದು ಹುಡುಗಿಯೊಬ್ಬಳ ಮೇಲಿನ ಪ್ರೇಮಗೀತೆಗೆ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರು ಕನ್ನಡ ಕೀರ್ತನೆಗಳಿಗೆ ಜರ್ಮನ್ ಧಾಟಿಗಳನ್ನು ಜೋಡಿಸಿದರು. ನಮ್ಮ ಅಜ್ಜಿಯಂದಿರು ಅವನ್ನೇ ಅಪ್ಪಟ ಪವಿತ್ರ ಸಂಗೀತವೆಂದು ಹಾಡಿದರು. ಸಿನಿಮಾ ಧಾಟಿಯ ಭಜನೆಗೆ ಮೂಗುಮುರಿಯುತ್ತಲೇ ಚಪ್ಪಾಳೆ ತಟ್ಟಿದ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ರಾಕ್‌ಗೆ ಬದಲಿಯಾಗಿ ಕ್ರಿಶ್ಚಿಯನ್ ರಾಕ್ ಕೇಳಿ ಎಂಬುದು ಇನ್ನೊಂದು ಪರಿಹಾರ. 1969ರಲ್ಲಿ ಲ್ಯಾರಿ ನಾರ್ಮನ್ ಅದನ್ನು ಶುರುಮಾಡಿದಾಗ ಅದರಲ್ಲಿ ಕಸುವಿತ್ತು. ರೋಗ, ಯುದ್ಧ, ಕಾಮ ಎಲ್ಲವನ್ನೂ ನೇರವಾಗಿ ಹಾಡಿದವನು ಅವನು, ಬೈಗುಳವನ್ನೂ ತಿಂದ. ಮುಂದೆ ಅದು ದೊಡ್ಡ ಮಾರುಕಟ್ಟೆಯಾಯಿತು. ಅದರಲ್ಲಿ ಬಹುಪಾಲು ನನಗೆ ಸಪ್ಪೆ. ಎರಡನೆಯ ಚರಣಕ್ಕೇ ಎಲ್ಲ ದುಃಖ ಪರಿಹಾರವಾಗಿಬಿಡುವ ಹಾಡಿನಲ್ಲಿ ದುಃಖಿಯಾದವನಿಗೆ ಜಾಗ ಸಿಗುವುದಿಲ್ಲ. ಬೈಬಲ್‌ನ 88ನೇ ಕೀರ್ತನೆ ಓದಿ: ಕತ್ತಲಲ್ಲೇ ಮುಗಿಯುತ್ತದೆ, ಸಮಾಧಾನದ ಒಂದು ಮಾತೂ ಇಲ್ಲ. ಮೆಟಾಲಿಕಾ ತಂಡದ ಜೇಮ್ಸ್ ಹೆಟ್‌ಫೀಲ್ಡ್ 1991ರಲ್ಲಿ ಬರೆದ ‘ದ ಗಾಡ್ ದಟ್ ಫೇಲ್ಡ್’ ಅಂಥ ಕತ್ತಲಿನ ಹಾಡು. ಅವನ ಹೆತ್ತವರು ಕ್ರಿಶ್ಚಿಯನ್ ಸೈನ್ಸ್ ಪಂಥದವರು, ಔಷಧಿ ಬೇಡ, ಪ್ರಾರ್ಥನೆ ಸಾಕು ಎನ್ನುವವರು. ಅವನು ಹದಿಹರೆಯದಲ್ಲಿದ್ದಾಗ ತಾಯಿ ಚಿಕಿತ್ಸೆಯಿಲ್ಲದೆ ಕ್ಯಾನ್ಸರ್‌ನಿಂದ ಸತ್ತಳು. ದೇವರ ಮೇಲೆ ಹಲ್ಲು ಕಡಿಯುವ ಆ ಹಾಡನ್ನು ವಿಶ್ವಾಸಿ ಕೇಳಬಾರದೇ? ಪ್ರಾರ್ಥನೆಯಿಂದಲೇ ಗುಣವಾಗುತ್ತದೆ, ಮಾತ್ರೆ ನಿಲ್ಲಿಸು ಎಂದು ಬೋಧಿಸುವವರು ಇರುವ ತನಕ ಅದನ್ನು ಎಲ್ಲರಿಗಿಂತ ಮೊದಲು ಕೇಳಬೇಕಾದವರು ಬೋಧಕರೇ.

ಕ್ಯಾಥೊಲಿಕರಲ್ಲೂ ಒಮ್ಮತವಿಲ್ಲ. 1997ರಲ್ಲಿ ಬೊಲೊನ್ಯಾ ನಗರದಲ್ಲಿ ಎರಡನೇ ಜಾನ್ ಪೌಲ್ ಎದುರು ಬಾಬ್ ಡಿಲನ್ ಹಾಡಿದರು, ಪೋಪ್ ಅವರ ಹಾಡನ್ನೇ ಹಿಡಿದು ಯುವಜನರಿಗೆ ಪ್ರವಚನ ಕೊಟ್ಟರು. ಅದು ತಮಗೆ ಒಪ್ಪಿಗೆಯಿರಲಿಲ್ಲ ಎಂದು ಆಗ ಕಾರ್ಡಿನಲ್ ಆಗಿದ್ದ ರಾಟ್ಸಿಂಗರ್, ಪೋಪ್ ಆದ ಮೇಲೆ ಬರೆದರು.

ನನ್ನ ಉತ್ತರ, ಕೇಳಬಹುದು. ಎಲ್ಲವನ್ನೂ ಅಲ್ಲ. ಹೆಣ್ಣನ್ನು ತುಳಿಯುವುದೇ ಗಂಡಸುತನ ಎಂದು ಬೀಗುವ ರಾಕ್ ಹಾಡುಗಳು ಸಾಕಷ್ಟಿವೆ. ಸೈತಾನನ ಹೆಸರು ಎತ್ತದಿದ್ದರೂ ಅವನ ಕೆಲಸ ಅವು ಮಾಡುತ್ತವೆ, ಸಭೆಯಲ್ಲಿ ಅವುಗಳ ಬಗ್ಗೆ ಯಾರೂ ಗಲಾಟೆ ಮಾಡಿದ್ದನ್ನು ನಾನು ಕೇಳಿಲ್ಲ. ಕೊಂಬು ಬಾಲಗಳ ಚಿತ್ರವಿರುವ ಹೊದಿಕೆಗಷ್ಟೇ ಹೆದರುತ್ತೇವೆ. ಮಗನ ಕಿವಿಯೊಳಗಿನ ಗದ್ದಲಕ್ಕೆ ದಿಗಿಲುಬಿದ್ದ ತಾಯಿತಂದೆಯರು, ಯುವಜನರ ಕೂಟ ನಡೆಸುವ ಪಾಸ್ಟರ್‌ಗಳು, ನಿಷೇಧದ ಪಟ್ಟಿ ಬರೆಯುವ ಮೊದಲು ಒಂದು ಸಂಜೆ ಆ ಹುಡುಗನ ಪಕ್ಕ ಕೂತು ಅವನಿಗಿಷ್ಟವಾದ ಹಾಡನ್ನು ಪೂರ್ತಿ ಕೇಳಿ, ಸಾಹಿತ್ಯ ತೆರೆದು ಓದಿ, ಇದರಲ್ಲಿ ನಿನಗೇನು ಸಿಕ್ಕಿತು ಎಂದು ಕೇಳಿ. ಆಮೇಲೂ ಬೇಡವೆನ್ನಿಸಿದರೆ ಬೇಡ ಎನ್ನಿ, ಆದರೆ ಕಾರಣ ಹೇಳಿ.